ನಾಲ್ಕು ಹನಿ ಕಡಿಮೆ

ಹದಿನಾಲ್ಕು ವರ್ಷಗಳಲ್ಲಿ ಲೋಲಾಕ್ಷಿಯ ಅಳತೆ ತಪ್ಪಿದೆ ಎಂದು ಹೇಳಿದವರು ಒಬ್ಬರೂ ಇರಲಿಲ್ಲ. ಹೇಳುವ ಧೈರ್ಯ ಯಾರಿಗಿತ್ತು ಎಂಬುದು ಬೇರೆ ಮಾತು. ಪುತ್ತಿಗೆಯ ಕಡೆ, ರಸ್ತೆಯಿಂದ ತುಸು ಒಳಗೆ ಇರುವ ಅನುದಾನಿತ ಶಾಲೆಯ ಕೆಮಿಸ್ಟ್ರಿ ಲ್ಯಾಬಿಗೆ ಅವಳು ಅಸಿಸ್ಟೆಂಟ್. ಅಲ್ಲೇ ಪ್ಯೂನ್ ಆಗಿದ್ದ ಗಂಡ ಹಠಾತ್ತನೆ ತೀರಿಕೊಂಡಾಗ ಸಿಕ್ಕಿದ ಕೆಲಸ. ಬಂದ ಮೊದಲ ದಿನ, ಹೊಟ್ಟೆ ಉಬ್ಬಿದ ಪಿಪೆಟ್ಟನ್ನು ಕಂಡು ಇದು ಯಾವ ಬಗೆಯ ಕೊಳಲು ಎಂದು ಬೆರಗಾದವಳು, ಮಹಾಲಿಂಗ ಮಾಷ್ಟ್ರ ಹತ್ತಿರ ಒಂದೊಂದಾಗಿ ಕಲಿತು, ಈಗ ಆಲ್ಮೇರಾದ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವ ಮಟ್ಟಕ್ಕೆ ಬಂದಿದ್ದಳು. ಆ ಬೀಗದ ಕೈಯ ಸದ್ದು ಕೇಳಿದರೆ ಮಕ್ಕಳು ಬೀಕರಿನಲ್ಲಿ ನೀರಾಟವಾಡುವುದನ್ನು ನಿಲ್ಲಿಸುತ್ತಿದ್ದರು.

ಅಳತೆಯ ಮೇಲಿನ ಈ ಹೆಮ್ಮೆ ಅವಳಿಗೆ ಲ್ಯಾಬಿನಿಂದ ಬಂದದ್ದಲ್ಲ. ಮದುವೆಗೆ ಮೊದಲು ಅವಳು ತಾಯಿ ಅಮ್ಮಣಿಯ ಜೊತೆ ಬಂದ್ಯೋಡಿನಲ್ಲಿ ಮನೆಮನೆಗೆ ಹಾಲು ಹಾಕುತ್ತಿದ್ದಳು. ಅಮ್ಮಣಿಯ ಹಾಲಿಗೆ ಹೆಸರಿತ್ತು. ಹಸು ಹಾಲು ಕಡಿಮೆ ಕೊಟ್ಟ ದಿನ ಅಮ್ಮಣಿ ಒಂದೆರಡು ಮನೆಗೆ ಹಾಲು ಇಲ್ಲ ಎಂದು ಹೇಳಿ ಬರುತ್ತಿದ್ದಳೇ ಹೊರತು, ಒಂದು ಹನಿ ನೀರು ಬೆರೆಸಿದವಳಲ್ಲ. ಮಗಳೂ ಅದನ್ನು ಯಾರೂ ಕೇಳದಿದ್ದರೂ ಹೇಳುತ್ತಿದ್ದಳು. ಸ್ಟಾಫ್ ರೂಮಿನಲ್ಲಿ ಚಹಾ ತೆಳುವಾಗಿದ್ದರೆ ಸಾಕು, ಅಮ್ಮಣಿಯ ಹಾಲಿನ ಕಥೆ ಶುರುವಾಗುತ್ತಿತ್ತು.

ಮಹಾಲಿಂಗ ಮಾಷ್ಟ್ರು ನಿವೃತ್ತರಾದ ಮೇಲೆ, ಕಳೆದ ಜೂನಿನಲ್ಲಿ, ಗಣೇಶಪ್ರಸಾದ ಎಂಬ ಹೊಸ ಮಾಷ್ಟ್ರು ಬಂದರು. ವಯಸ್ಸು ಮೂವತ್ತು ದಾಟಿರಲಿಲ್ಲ. ಮಾತು ಮೆತ್ತಗೆ, ಆದರೆ ಯಾವುದನ್ನೂ ಇದ್ದಲ್ಲಿ ಇರಲು ಬಿಡದ ಸ್ವಭಾವ. ಹಿಂದೆ ಪ್ರಯೋಗಕ್ಕೆ ಬೇಕಾದ ದ್ರಾವಣಗಳನ್ನೆಲ್ಲ ಲೋಲಾಕ್ಷಿಯೇ ಮಾಡಿಡುತ್ತಿದ್ದಳು. ಮಕ್ಕಳು ಬಂದು ಬಾಟಲಿ ಎತ್ತಿಕೊಳ್ಳುವುದಷ್ಟೇ. ಗಣೇಶಪ್ರಸಾದರು, ಒಂದಾದರೂ ದ್ರಾವಣವನ್ನು ಮಕ್ಕಳೇ ತೂಗಿ, ಕರಗಿಸಿ, ಅಳೆದು ಮಾಡಬೇಕು ಎಂದರು. "ಮಾಡ್ಲಿ ಸರ್, ಒಡೆದ ಗ್ಲಾಸು ಗುಡಿಸ್ಲಿಕ್ಕೆ ನಾನು ಉಂಟಲ್ಲ," ಎಂದು ಲೋಲಾಕ್ಷಿ ಮುಖ ಊದಿಸಿಕೊಂಡಳು.

ತೊಂದರೆ ಕಾಣಿಸಿಕೊಂಡದ್ದು ಜನವರಿಯ ಕೊನೆಗೆ, ಒಂದು ಬುಧವಾರ. ಮುಂದಿನ ಸೋಮವಾರ ಪ್ಲಸ್ ಟು ಮಕ್ಕಳ ಪ್ರಾಯೋಗಿಕ ಪರೀಕ್ಷೆ, ಹೊರಗಿನ ಶಾಲೆಯಿಂದ ಪರೀಕ್ಷಕರು ಬರುವವರಿದ್ದರು. ಅಭ್ಯಾಸಕ್ಕೆಂದು ಗಣೇಶಪ್ರಸಾದರು ಎರಡು ದ್ರಾವಣ ಇಡಿಸಿದ್ದರು. ಎರಡೂ ಒಂದೇ ಆಕ್ಸಾಲಿಕ್ ಆಮ್ಲ, ಎರಡರ ಶಕ್ತಿಯೂ ಒಂದೇ. ಒಂದನ್ನು ಮಕ್ಕಳು ಮಾಡಿದ್ದರು, ಇನ್ನೊಂದನ್ನು ಲೋಲಾಕ್ಷಿ. ಇಬ್ಬರದ್ದನ್ನೂ ಹೀಗೆ ಪಕ್ಕಪಕ್ಕ ಇಟ್ಟದ್ದು ಅದೇ ಮೊದಲು. ಪಿಪೆಟ್ಟಿನಿಂದ ಇಪ್ಪತ್ತು ಮಿಲ್ಲಿಲೀಟರ್ ತೆಗೆದು, ಬಿಸಿ ಮಾಡಿ, ಮೇಲಿನ ಬ್ಯೂರೆಟ್ಟಿನಿಂದ ನೇರಳೆ ಬಣ್ಣದ ಪರ್ಮಾಂಗನೇಟ್ ಹನಿ ಹನಿಯಾಗಿ ಬಿಡಬೇಕು. ಬಿದ್ದ ನೇರಳೆ ಮಾಯವಾಗುತ್ತಾ ಹೋಗಿ, ಒಂದು ಹನಿಯ ನಸುಗೆಂಪು ಮಾತ್ರ ಹಾಗೆಯೇ ಉಳಿದುಬಿಟ್ಟಾಗ ನಿಲ್ಲಿಸಿ, ಎಷ್ಟು ಖರ್ಚಾಯಿತೆಂದು ಬ್ಯೂರೆಟ್ಟಿನ ಗೆರೆ ಓದಬೇಕು. ಮಕ್ಕಳ ದ್ರಾವಣಕ್ಕೆ ಸರಿಯಾಗಿ ಇಪ್ಪತ್ತು ಬಂತು. ಲೋಲಾಕ್ಷಿಯದಕ್ಕೆ ಬರಲಿಲ್ಲ.

"ಸರ್, ಲೋಲಾಕ್ಷಕ್ಕನದ್ದು ಹತ್ತೊಂಬತ್ತು ಪಾಯಿಂಟ್ ಎಂಟೇ ಬರ್ತದೆ," ಎಂದಳು ನಿಶ್ಮಿತಾ. ತರಗತಿಯಲ್ಲಿ ಎಲ್ಲರಿಗಿಂತ ಗಿಡ್ಡ ಹುಡುಗಿ, ಎಲ್ಲರಿಗಿಂತ ಮೊದಲು ಕೈ ಎತ್ತುವವಳು.

"ನನಗೂ ಅಷ್ಟೇ," ಎಂದ ಪಕ್ಕದ ಮೇಜಿನ ಅಕ್ಷಿತ್.

ಹದಿನೆಂಟು ಮಕ್ಕಳು, ಹದಿನೆಂಟೂ ಜನಕ್ಕೆ ಹತ್ತೊಂಬತ್ತು ಪಾಯಿಂಟ್ ಎಂಟರ ಆಸುಪಾಸು. ಎರಡು ಸಣ್ಣ ಗೆರೆ ಕಡಿಮೆ. ಹನಿ ಲೆಕ್ಕದಲ್ಲಿ ನಾಲ್ಕು ಹನಿ.

"ಮಕ್ಕಳು ಗೆರೆ ನೋಡ್ಲಿಕ್ಕೆ ಇನ್ನೂ ಕಲೀಲಿಲ್ಲ ಸರ್," ಎಂದಳು ಲೋಲಾಕ್ಷಿ.

ಗಣೇಶಪ್ರಸಾದರು ಬೋರ್ಡಿನ ಮೇಲೆ ಬರೆದ ಸಂಖ್ಯೆಗಳನ್ನೇ ನೋಡುತ್ತಾ ನಿಂತಿದ್ದರು. "ಅದೇ ನನಗೆ ಅರ್ಥ ಆಗದ್ದು ಲೋಲಾಕ್ಷಕ್ಕ. ಕಲೀದವರು ತಪ್ಪು ಮಾಡಿದ್ರೆ ಒಬ್ಬ ಆಚೆ ಹೋಗ್ತಾನೆ, ಒಬ್ಬ ಈಚೆ ಹೋಗ್ತಾನೆ. ಹದಿನೆಂಟು ಜನ ಕೈ ಹಿಡ್ಕೊಂಡು ಒಂದೇ ಕಡೆ ಹೋಗುದು ಹೇಗೆ?"

ಮಾತು ಸರಿಯಾಗಿತ್ತು. ಅದೇ ಅವಳಿಗೆ ಸಿಟ್ಟು ತರಿಸಿದ್ದು. ಆದರೆ ಆ ರಾತ್ರಿ ಉಣ್ಣುವಾಗಲೂ ಅವಳ ತಲೆಯಲ್ಲಿ ಹದಿನೆಂಟು ಮಕ್ಕಳು ಒಂದೇ ಕಡೆಗೆ ನಡೆದುಕೊಂಡು ಹೋಗುತ್ತಿದ್ದರು. ಹುಳ ಬಿಟ್ಟಂತಾಗಿತ್ತು. ಎಲ್ಲಿ ಹೋದವು ಆ ನಾಲ್ಕು ಹನಿ?

ಗುರುವಾರ ಇಡೀ ಲ್ಯಾಬು ಆ ನಾಲ್ಕು ಹನಿಗಳ ಹಿಂದೆ ಬಿತ್ತು. ಮೊದಲು ಕಣ್ಣು. ನಿಶ್ಮಿತಾ ಬ್ಯೂರೆಟ್ಟನ್ನು ಕತ್ತೆತ್ತಿ ನೋಡುತ್ತಿದ್ದಳು, ಉದ್ದನೆಯ ಅಕ್ಷಿತ್ ಮೇಲಿನಿಂದ ಬಗ್ಗಿ ನೋಡುತ್ತಿದ್ದ. ಕಣ್ಣು ಗೆರೆಯ ನೇರಕ್ಕಿಲ್ಲದಿದ್ದರೆ ಗೆರೆ ಜಾರಿದಂತೆ ಕಾಣುತ್ತದೆ. ಗಣೇಶಪ್ರಸಾದರು ಅವಳಿಗೊಂದು ಸ್ಟೂಲು ಕೊಟ್ಟರು, ಅವನನ್ನು ಮೊಣಕಾಲೂರಿಸಿದರು, ಬ್ಯೂರೆಟ್ಟಿನ ಹಿಂದೆ ಬಿಳಿ ಕಾಗದ ಹಿಡಿಸಿದರು. ನೀರಾದರೆ ಬಟ್ಟಲಿನಂತೆ ತಗ್ಗಿದ ಅದರ ತಳ ನೋಡಬೇಕು, ಆದರೆ ಈ ನೇರಳೆಯೊಳಗೆ ತಳವೇ ಕಾಣುವುದಿಲ್ಲ, ಹಾಗಾಗಿ ಮೇಲಂಚನ್ನೇ ಓದಬೇಕು, ಮೊದಲೂ ಕೊನೆಗೂ ಅದನ್ನೇ ಓದಬೇಕು ಎಂದು ಇನ್ನೊಮ್ಮೆ ಹೇಳಿದರು. ಎಲ್ಲ ಮಾಡಿದ ಮೇಲೆ ಬಂದದ್ದು ಹತ್ತೊಂಬತ್ತು ಪಾಯಿಂಟ್ ಎಂಟು.

ಆಮೇಲೆ ಪಿಪೆಟ್ಟು. ಅಕ್ಷಿತ್ ಪಿಪೆಟ್ಟಿನ ತುದಿಯಲ್ಲಿ ಉಳಿಯುವ ಕೊನೆಯ ಹನಿಯನ್ನು ರಬ್ಬರ್ ಬಲ್ಬು ಅದುಮಿ ಹೊರಗೆ ತಳ್ಳುತ್ತಿದ್ದುದನ್ನು ಕಂಡದ್ದು ಲೋಲಾಕ್ಷಿಯೇ.

"ಅದನ್ನು ದೂಡ್ಬೇಡ ಮಾರಾಯ! ಆ ಹನಿ ಅಲ್ಲೇ ಉಳೀಲಿಕ್ಕೆ ಉಂಟು. ಅದನ್ನು ಬಿಟ್ಟೇ ಇಪ್ಪತ್ತು ಅಂತ ಬರೆದದ್ದು ಅವರು."

ಅವಳಿಗೆ ಜೀವ ಬಂದಂತಾಯಿತು. ಆದರೆ ಅಕ್ಷಿತ್ ಎರಡು ದ್ರಾವಣಕ್ಕೂ ಹಾಗೆಯೇ ತಳ್ಳಿದ್ದ, ಉಳಿದ ಹದಿನೇಳು ಮಂದಿ ತಳ್ಳಿರಲೇ ಇಲ್ಲ. ತಕ್ಕಡಿಯನ್ನು ಐವತ್ತು ಗ್ರಾಮಿನ ತೂಕದ ಬಟ್ಟು ಇಟ್ಟು ನೋಡಿದ್ದಾಯಿತು, ಅದೂ ಸರಿ. ಕೊನೆಗೆ ಲೋಲಾಕ್ಷಿಯೇ, "ಫ್ಲಾಸ್ಕಿನ ಗೆರೆಯನ್ನೇ ತಪ್ಪು ಹಾಕಿದ್ದಾರೋ ಎಂತದೋ, ಅದನ್ನೂ ತೂಗಿ ನೋಡುವ ಸರ್," ಎಂದಳು.

ದ್ರಾವಣ ಮಾಡುವ ಆ ಫ್ಲಾಸ್ಕು ಕೆಳಗೆ ದುಂಡಗೆ, ಮೇಲೆ ಉದ್ದ ಕತ್ತು. ಕತ್ತಿನ ಸುತ್ತ ಒಂದೇ ಒಂದು ಗೆರೆ. ಅಲ್ಲಿಯವರೆಗೆ ತುಂಬಿಸಿದರೆ ಇನ್ನೂರೈವತ್ತು ಮಿಲ್ಲಿಲೀಟರ್. ಗಣೇಶಪ್ರಸಾದರು ತಾವೇ ಗೆರೆಯವರೆಗೆ ಬರೀ ನೀರು ತುಂಬಿಸಿ ತೂಗಿದರು. ಫ್ಲಾಸ್ಕಿನ ಭಾರ ಕಳೆದರೆ ಇನ್ನೂರ ನಲವತ್ತೊಂಬತ್ತು ಗ್ರಾಂ.

"ಒಂದು ಕಡಿಮೆ!" ಎಂದು ಲೋಲಾಕ್ಷಿ ಹೆಚ್ಚುಕಡಿಮೆ ಕುಣಿದಳು.

ಅವರು ನಕ್ಕರು. "ಕಡಿಮೆ ಅಲ್ಲ ಲೋಲಾಕ್ಷಕ್ಕ. ನಮ್ಮ ಈ ಸೆಕೆಗೆ ನೀರು ಚೂರು ಹಿಗ್ತದೆ. ಹಿಗ್ಗಿದ ನೀರು ಅಷ್ಟೇ ಜಾಗದಲ್ಲಿ ಒಂದು ಗ್ರಾಂ ಹಗುರ. ಫ್ಲಾಸ್ಕು ಸರಿಯಾಗಿಯೇ ಉಂಟು."

ಇಷ್ಟು ವರ್ಷ ಮುಟ್ಟಿ ತೊಳೆದ ನೀರು ಸೆಕೆಗೆ ಹಿಗ್ಗುತ್ತದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಇನ್ನೊಂದು ದಿನವಾಗಿದ್ದರೆ ಅದರ ಬಗ್ಗೆ ಹತ್ತು ಪ್ರಶ್ನೆ ಕೇಳುತ್ತಿದ್ದಳು. ಆದರೆ ಈಗ ಕಣ್ಣು ಸರಿ, ಪಿಪೆಟ್ಟು ಸರಿ, ತಕ್ಕಡಿ ಸರಿ, ಫ್ಲಾಸ್ಕು ಸರಿ. ಉಳಿದದ್ದು ಒಂದೇ. ಅದನ್ನು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ತಾಯಿಯ ವಯಸ್ಸಿನ ಹೆಂಗಸು ಕೆಲಸ ಮಾಡುವಾಗ ಹಿಂದೆ ನಿಂತು ಕಾವಲು ಕಾಯುವುದು ಗಣೇಶಪ್ರಸಾದರಿಗೆ ಸರಿ ಕಾಣಲಿಲ್ಲ. ಕಾದಿದ್ದರೆ ಐದು ನಿಮಿಷದಲ್ಲಿ ಮುಗಿಯುವ ಸಂಗತಿ ಅದು.

ಸಂಜೆ ಮಕ್ಕಳು ಹೋದ ಮೇಲೆ ಅವರು ಗಂಟಲು ಸರಿಮಾಡಿಕೊಂಡರು. "ಲೋಲಾಕ್ಷಕ್ಕ, ಸೋಮವಾರದ ದ್ರಾವಣ ಈ ಸಲ ನಾನೇ ಮಾಡ್ತೇನೆ. ಮಕ್ಕಳ ಮಾರ್ಕಿನ ವಿಷಯ ಅಲ್ವಾ? ನೀವು ಬೇಜಾರು ಮಾಡ್ಬೇಡಿ."

ಬೇಜಾರು ಮಾಡಬೇಡಿ ಎಂದರೆ ಆಗದೆ ಇರುತ್ತದೆಯೇ? ಹದಿನಾಲ್ಕು ವರ್ಷ ಪರೀಕ್ಷೆಯ ದ್ರಾವಣ ಅವಳ ಕೈಯಿಂದಲೇ ಆಗಿತ್ತು. ಅವಳು ಸೊಂಟದಿಂದ ಬೀಗದ ಕೈ ತೆಗೆದು ಮೇಜಿನ ಮೇಲೆ ಇಟ್ಟಳು. ಇಟ್ಟಳು ಎನ್ನುವುದಕ್ಕಿಂತ ಕುಕ್ಕಿದಳು ಎನ್ನಬೇಕು. ಬಸ್ಸಿನಲ್ಲಿ ಕುಂಬಳೆ ಬರುವವರೆಗೂ ಕಣ್ಣು ಹನಿಗೂಡುತ್ತಿತ್ತು. ಕೈ ತಪ್ಪಿದ್ದೇ ಆದರೆ ಎಲ್ಲಿ ತಪ್ಪಿತು ಎಂದಾದರೂ ಗೊತ್ತಾಗಬೇಡವೇ ಎಂದು ಅವಳಿಗೆ ಅಳುವಿಗಿಂತ ಹೆಚ್ಚು ಹಠ ಬಂತು.

ಬಂದ್ಯೋಡಿನಲ್ಲಿ ಇಳಿದಾಗ ಮನೆಯಲ್ಲಿ ತೆಂಗಿನೆಣ್ಣೆ ಮುಗಿದದ್ದು ನೆನಪಾಯಿತು. ಬಟ್ಯಣ್ಣನ ಎಣ್ಣೆ ಮಿಲ್ಲು ಬಸ್ ಸ್ಟಾಪಿನ ಹಿಂದೆಯೇ. ಎಪ್ಪತ್ತು ದಾಟಿದ ಬಟ್ಯಣ್ಣ ಮಗನೊಡನೆ ಫೋನಿನಲ್ಲಿ ಜಗಳವಾಡುತ್ತಾ, ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡೇ ಅವಳ ಬಾಟಲಿ ತೆಗೆದುಕೊಂಡ. ಲೀಟರಿನ ಅಳತೆಪಾತ್ರೆ ತುಂಬಿಸಿದ, ಬಾಟಲಿಗೆ ಹೊಯ್ದ, ಮಗನಿಗೆ ಬೈದ, ಹಾಗೆಯೇ ಸೌಟಿನಿಂದ ಇನ್ನಷ್ಟು ಎಣ್ಣೆ ಎತ್ತಿ ಬಾಟಲಿಗೆ ಸುರಿದು ಮುಚ್ಚಳ ಹಾಕಿದ. ಅವನ ಕಣ್ಣು ಅಷ್ಟು ಹೊತ್ತೂ ರಸ್ತೆಯ ಮೇಲಿತ್ತು.

ಎಷ್ಟು ವರ್ಷದಿಂದ ನೋಡಿದ ಸಂಗತಿಯೋ. ಆದರೆ ಎರಡು ದಿನ ನಾಲ್ಕು ಹನಿ ಹುಡುಕಿದ ಕಣ್ಣು ಈಗ ಆ ಸೌಟಿನ ಮೇಲೆ ನಿಂತುಬಿಟ್ಟಿತು.

"ಬಟ್ಯಣ್ಣ," ಎಂದು ಅವಳು ತುಳುವಿನಲ್ಲಿ ಕೇಳಿದಳು, "ಈಗ ಎಂತ ಹಾಕಿದ್ದು?"

"ಎಂತ ಹಾಕಿದ್ದು? ಎಣ್ಣೆ."

"ಅದಲ್ಲ. ಲೀಟರು ಆದ ಮೇಲೆ."

ಬಟ್ಯಣ್ಣ ಕೈಯಲ್ಲಿದ್ದ ಸೌಟನ್ನು ಹೊಸದಾಗಿ ಕಂಡವನಂತೆ ನೋಡಿದ. "ಹಾಕಿದೆನಾ? ಓ... ಅದು ಕೊಸರು ಅಲ್ವಾ ಮಾರಾಯ್ತಿ. ಬರೀ ಅಳತೆ ಕೊಟ್ರೆ ಮನಸ್ಸಿಗೆ ಸಮ ಆಗ್ತದಾ?"

ಕೊಸರು. ಅಮ್ಮಣಿಯ ಹಾಲೂ ಹಾಗೆಯೇ ಇತ್ತು. ಪಾವು ಅಳೆದು ಪಾತ್ರೆಗೆ ಹೊಯ್ದು, ಆಮೇಲೆ ಪಾವಿನ ತಳದಲ್ಲಿ ಒಂದಿಷ್ಟು ಎತ್ತಿ ಮೇಲಿಂದ ಬಿಡುವುದು. ಬಿಡದಿದ್ದರೆ ಕೈ ಬಿಗಿಯವರು ಎಂದು ಹೆಸರು ಬರುತ್ತದೆ. ಅಳೆಯಲು ಕಲಿಸುವಾಗಲೇ ಅಮ್ಮಣಿ ಇದನ್ನೂ ಮಗಳ ಕೈಗೆ ಕಲಿಸಿದ್ದಳು. ಎಣ್ಣೆಯ ಬಾಟಲಿ ಹಿಡಿದು ರಸ್ತೆ ದಾಟುವಾಗ ಲೋಲಾಕ್ಷಿ ತನ್ನ ಬಲಗೈಯನ್ನೇ ನೋಡುತ್ತಾ ದಾಟಿದಳು. ಸ್ಕೂಟರಿನವನೊಬ್ಬ ಹಾರ್ನ್ ಹೊಡೆದು ಬೈದು ಹೋದ.

ಶುಕ್ರವಾರ ಮೊದಲ ಬಸ್ಸಿಗೆ ಹೊರಟು, ಯಾರೂ ಬರುವ ಮೊದಲೇ ಲ್ಯಾಬಿನ ಬಾಗಿಲು ತೆಗೆಸಿದಳು. ಬೀಗದ ಕೈ ಅವಳು ಕುಕ್ಕಿದ ಜಾಗದಲ್ಲೇ ಇತ್ತು. ಗಣೇಶಪ್ರಸಾದರು ಅದನ್ನು ಮುಟ್ಟಿರಲಿಲ್ಲ. ಅವಳು ಆಮ್ಲದ ಹರಳುಗಳನ್ನು ತೂಗಿದಳು, ಬೀಕರಿನಲ್ಲಿ ಕರಗಿಸಿದಳು, ಫನೆಲ್ಲಿನ ಮೂಲಕ ಫ್ಲಾಸ್ಕಿಗೆ ಇಳಿಸಿದಳು, ಬೀಕರು ತೊಳೆದ ನೀರನ್ನೂ ಇಳಿಸಿದಳು. ಕತ್ತಿನವರೆಗೆ ನೀರು ತುಂಬಿಸಿ, ವಾಶ್ ಬಾಟಲಿ ಹಿಡಿದು, ಬಗ್ಗಿ, ಕಣ್ಣನ್ನು ಗೆರೆಯ ನೇರಕ್ಕೆ ತಂದು ಹನಿ ಹನಿಯಾಗಿ ಬಿಟ್ಟಳು. ನೀರಿನ ತಗ್ಗಿದ ತಳ ಗೆರೆಯನ್ನು ಮುಟ್ಟಿತು. ಎಂಥ ಪರೀಕ್ಷಕರು ಬಂದರೂ ತಪ್ಪು ಹುಡುಕಲಾಗದ ಹಾಗೆ ಮುಟ್ಟಿತು. ಅವಳು ನೆಟ್ಟಗೆ ನಿಂತು, ಈಗ ತನ್ನ ಕೈಯನ್ನು ಅದರ ಪಾಡಿಗೆ ಬಿಟ್ಟು, ಬೇರೆ ಯಾರದೋ ಕೈಯೆಂಬಂತೆ ನೋಡಿದಳು.

ಕೈ ವಾಶ್ ಬಾಟಲಿಯನ್ನು ಮೆಲ್ಲಗೆ ಎರಡು ಸಲ ಅದುಮಿತು. ಚಿರ್, ಚಿರ್. ಆಮೇಲೆ ಫ್ಲಾಸ್ಕಿನ ಬಿರಡೆ ಮುಚ್ಚಲು ಹೋಯಿತು.

ನೀರು ಗೆರೆಯಿಂದ ಒಂದು ಬೆರಳಿನ ಅಗಲ ಮೇಲೆ ನಿಂತಿತ್ತು. ಲೋಲಾಕ್ಷಿಗೆ ಮೊದಲು ಬಂದದ್ದು ನಗು. ಸಿಕ್ಕಿತು! ನಾಲ್ಕು ಹನಿ ತಿಂದ ಕಳ್ಳ ಇಲ್ಲೇ ಇದ್ದಾನೆ, ತೋಳಿನ ತುದಿಯಲ್ಲಿ! ಎರಡು ದಿನದ ಹುಡುಕಾಟ ಮುಗಿದ ಸಂತೋಷದಲ್ಲಿ ಅವಳು ಒಬ್ಬಳೇ ಚಪ್ಪಾಳೆಯನ್ನೂ ತಟ್ಟಿದಳು.

ತಟ್ಟಿದ ಕೈ ಹಾಗೆಯೇ ನಿಂತಿತು. ಬಟ್ಯಣ್ಣ ಎಣ್ಣೆಯ ಮೇಲೆ ಹಾಕಿದ್ದು ಎಣ್ಣೆ. ಅಮ್ಮ ಹಾಲಿನ ಮೇಲೆ ಬಿಟ್ಟದ್ದು ಹಾಲು. ತಾನು ಹಾಕಿದ್ದು ಏನು? ನೀರು. ಅಳೆದು ಕರಗಿಸಿದ ಆಮ್ಲ ಇದ್ದಷ್ಟೇ ಇತ್ತು, ಅದರ ಮೇಲೆ ಎರಡು ಚಿಮ್ಮು ನೀರು. ಎಲ್ಲರಿಗೂ ಹೇಳಿಕೊಂಡು ತಿರುಗಿದ ಅಮ್ಮಣಿಯ ಮಗಳು ಹದಿನಾಲ್ಕು ವರ್ಷ ಹಾಲಿಗೆ ನೀರು ಹಾಕಿದ್ದಳು, ಅದೂ ಧಾರಾಳ ಮಾಡುತ್ತಿದ್ದೇನೆ ಎಂದುಕೊಂಡು. ಅವಳು ಸ್ಟೂಲಿನ ಮೇಲೆ ಕುಳಿತುಬಿಟ್ಟಳು. ನಾಚಿಕೆಯಿಂದ ಮುಖ ಬಿಸಿಯಾಯಿತು.

ಫ್ಲಾಸ್ಕನ್ನು ಸಿಂಕಿಗೆ ಸುರಿದು, ಇನ್ನು ಮೇಲೆ ಕೈ ಹಿಡಿದುಕೊಂಡರೆ ಆಯಿತು, ಯಾರಿಗೂ ತಿಳಿಯುವುದಿಲ್ಲ. ಈ ಯೋಚನೆ ಅವಳಿಗೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಸಿಂಕಿನವರೆಗೆ ಹೋಗಿಯೂ ಹೋದಳು. ಆದರೆ ಹಾಗೆ ಮಾಡಿದರೆ ತಪ್ಪು ಆ ಹದಿನೆಂಟು ಮಕ್ಕಳ ಕಣ್ಣಿನ ಮೇಲೆಯೇ ಉಳಿಯುತ್ತದೆ. ನಿಶ್ಮಿತಾ ಸ್ಟೂಲು ಹತ್ತಿ ಇಳಿದು ಅದೇ ಗೆರೆಯನ್ನು ಐದು ಸಲ ಓದಿದ್ದು ಕಣ್ಣ ಮುಂದೆ ಬಂತು. ಅವಳು ಫ್ಲಾಸ್ಕನ್ನು ಮೇಜಿನ ನಡುವೆ ಇಟ್ಟು, ಪಕ್ಕದಲ್ಲಿ ಇನ್ನೊಂದನ್ನು ಸರಿಯಾಗಿ ಗೆರೆಗೆ ಮಾಡಿಟ್ಟು, ಕಾದಳು. ಎರಡನೆಯದನ್ನು ಮಾಡುವಾಗ ಬಲಗೈ ಅದುಮಲು ಹೊರಟದ್ದನ್ನು ಎಡಗೈಯಿಂದ ಹಿಡಿಯಬೇಕಾಯಿತು.

ಒಂಬತ್ತೂವರೆಗೆ ಗಣೇಶಪ್ರಸಾದರು ಬಂದರು, ಹಿಂದೆಯೇ ಮಕ್ಕಳು. ಮಕ್ಕಳ ಎದುರಿಗೇ ಅವಳು ಹೇಳಿದಳು.

"ಸರ್, ಮಕ್ಕಳ ಕಣ್ಣು ಸರಿ ಉಂಟು. ನನ್ನ ಕೈಯೇ ಸರಿ ಇಲ್ಲ. ಗೆರೆ ಆದ ಮೇಲೆ ನಾನು ಎರಡು ಸಲ ಕೊಸರು ನೀರು ಬಿಡ್ತೇನೆ. ನನಗೇ ಗೊತ್ತಿರಲಿಲ್ಲ. ಹದಿನಾಲ್ಕು ವರ್ಷ ಹಾಲಿಗೆ ನೀರು ಹಾಕಿದ್ದೇನೆ ಸರ್."

ಯಾರೂ ನಗಲಿಲ್ಲ. ಗಣೇಶಪ್ರಸಾದರು ಬಗ್ಗಿ, ಗೆರೆಗಿಂತ ಮೇಲೆ ನಿಂತ ನೀರನ್ನು ಆ ಕಡೆಯಿಂದ ಈ ಕಡೆಯಿಂದ ನೋಡಿದರು. ಅವರ ಮುಖದಲ್ಲಿ ಸಿಟ್ಟಿನ ಬದಲು ಸೋಜಿಗ ಅರಳುತ್ತಿತ್ತು. "ನಿಶ್ಮಿತಾ, ಎರಡನ್ನೂ ಟೈಟ್ರೇಟ್ ಮಾಡು," ಎಂದರು. ಗೆರೆ ದಾಟಿದ್ದಕ್ಕೆ ಹತ್ತೊಂಬತ್ತು ಪಾಯಿಂಟ್ ಎಂಟು ಬಂತು. ಗೆರೆಗೆ ನಿಂತದ್ದಕ್ಕೆ ಇಪ್ಪತ್ತು.

"ಹಾಗಾದ್ರೆ ಇಷ್ಟು ವರ್ಷ ಯಾಕೆ ಗೊತ್ತಾಗ್ಲಿಲ್ಲ ಸರ್?" ಎಂದು ಕೇಳಿದ ಅಕ್ಷಿತ್.

"ಅದೇ ಚಂದ ನೋಡು. ಮೊದಲು ಎರಡೂ ದ್ರಾವಣ ಲೋಲಾಕ್ಷಕ್ಕನೇ ಮಾಡ್ತಾ ಇದ್ರು. ಎರಡಕ್ಕೂ ಒಂದೇ ಕೊಸರು. ಒಂದನ್ನು ಇನ್ನೊಂದರ ಜೊತೆ ಹೋಲಿಸಿದ್ರೆ ಎರಡೂ ಅಷ್ಟೇ ತೆಳು, ಉತ್ತರ ಸರಿ ಬರ್ತದೆ. ಯಾವ ಮಕ್ಕಳಿಗೂ ಮಾರ್ಕು ಹೋಗ್ಲಿಲ್ಲ." ಅವರು ಲೋಲಾಕ್ಷಿಯ ಕಡೆ ತಿರುಗಿದರು. "ಪ್ರತಿಸಲ ಒಂದೇ ಅಳತೆಯ ಕೊಸರು ಬಿಡ್ಲಿಕ್ಕೆ ನನ್ನ ಕೈಯಲ್ಲಿ ಆಗ್ಲಿಕ್ಕಿಲ್ಲ. ಸೋಮವಾರದ್ದು ನೀವೇ ಮಾಡಿ. ಬೀಗದ ಕೈ ಅಲ್ಲೇ ಉಂಟು."

ಮಾರ್ಕು ಹೋಗಿಲ್ಲ ಎಂದು ಕೇಳಿ ಅವಳ ಎದೆಯ ಮೇಲಿನ ಕಲ್ಲು ಇಳಿಯಿತು. ಬೀಗದ ಕೈ ಸೊಂಟಕ್ಕೆ ಹೋಯಿತು. ಆದರೆ ಶನಿವಾರ ಪರೀಕ್ಷೆಯ ದ್ರಾವಣಕ್ಕೆ ಕುಳಿತಾಗ ಹೊಸ ಕಷ್ಟ ಎದುರಾಯಿತು. ಲೀಟರಿನ ದೊಡ್ಡ ಫ್ಲಾಸ್ಕು ಎರಡು ವರ್ಷದ ಹಿಂದೆಯೇ ಒಡೆದಿತ್ತು. ಸಣ್ಣದರಲ್ಲೇ ಎಂಟು ಸಲ ಮಾಡಬೇಕು, ಎಂಟು ಸಲವೂ ಗೆರೆಗೆ ನಿಲ್ಲಿಸಬೇಕು. ನಿಲ್ಲಿಸಿದಳು. ಮಕ್ಕಳ ಹದಿನೆಂಟು ಬಾಟಲಿಗಳಿಗೆ ನೂರು ನೂರು ಮಿಲ್ಲಿಲೀಟರ್ ಅಳೆದು ಹೊಯ್ದಳು, ಉಳಿದದ್ದನ್ನು ಪರೀಕ್ಷಕರಿಗೆಂದು ತೆಗೆದಿಟ್ಟಳು. ಅಳತೆ ಎಲ್ಲ ಸರಿಯಾಗಿತ್ತು, ಮನಸ್ಸಿಗೆ ಮಾತ್ರ ಸಮ ಆಗಲಿಲ್ಲ. ಕೈ ಬಿಗಿ ಮಾಡಿದ ಹಾಗೆ, ಅಮ್ಮ ಹಿಂದೆ ನಿಂತು ನೋಡುತ್ತಿರುವ ಹಾಗೆ. ಬಾಟಲಿಗಳನ್ನು ನೋಡುತ್ತಾ ಕುಳಿತಳು. ಆಮೇಲೆ ಎದ್ದು ಮತ್ತೆ ಆಮ್ಲ ತೂಗಿ, ಒಂಬತ್ತನೆಯ ಫ್ಲಾಸ್ಕನ್ನೂ ಗೆರೆಗೆ ಮಾಡಿದಳು.

ಸೋಮವಾರ ಬೋವಿಕಾನದ ಕಡೆಯಿಂದ ಶ್ರೀವಾಣಿ ಮೇಡಂ ಪರೀಕ್ಷಕರಾಗಿ ಬಂದರು. ಎಲ್ಲವನ್ನೂ ಕಣ್ಣಲ್ಲಿ ಕಣ್ಣಿಟ್ಟು ನೋಡುವ ಹೆಂಗಸು. ಬ್ಯೂರೆಟ್ಟಿನಲ್ಲಿ ಬರಬೇಕಾದದ್ದು ಹದಿನೆಂಟು ಮಿಲ್ಲಿಲೀಟರ್ ಎಂದು ಅವರ ಬಳಿಯ ಕಾಗದದಲ್ಲಿತ್ತು. ಮಕ್ಕಳಿಗೆ ಒಬ್ಬರಿಗೆ ಹದಿನೇಳು ಪಾಯಿಂಟ್ ಒಂಬತ್ತು, ಒಬ್ಬರಿಗೆ ಹದಿನೆಂಟು ಪಾಯಿಂಟ್ ಒಂದು, ನಿಶ್ಮಿತಾಳಿಗೆ ಸರಿಯಾಗಿ ಹದಿನೆಂಟು. ಗಣೇಶಪ್ರಸಾದರು ಲೋಲಾಕ್ಷಿಯ ಹತ್ತಿರ ಬಂದು ಪಿಸುಗುಟ್ಟಿದರು. "ನೋಡಿ, ಕೆಲವರು ಆಚೆ, ಕೆಲವರು ಈಚೆ. ಈಗ ತಪ್ಪೆಲ್ಲ ಮಕ್ಕಳದ್ದೇ."

ಅಷ್ಟರಲ್ಲಿ ಶ್ರೀವಾಣಿ ಮೇಡಂ ಎರಡನೆಯ ತಂಡಕ್ಕೆಂದು ಇಟ್ಟಿದ್ದ, ಇನ್ನೂ ಮುಟ್ಟದ ಒಂದು ಬಾಟಲಿಯನ್ನು ಬೆಳಕಿಗೆ ಎತ್ತಿ ಹಿಡಿದಿದ್ದರು. ಅದರ ಮೇಲೆ ನೂರು ಎಂದು ಬರೆದಿತ್ತು, ಒಳಗಿದ್ದದ್ದು ನೂರಕ್ಕಿಂತ ಮೇಲೆ. ಪಕ್ಕದ ಬಾಟಲಿಯೂ ಹಾಗೆಯೇ, ಅದರ ಪಕ್ಕದ್ದೂ.

"ಇದನ್ನು ಮಾಡಿದ್ದು ಯಾರು? ಲೆಕ್ಕಕ್ಕಿಂತ ಜಾಸ್ತಿ ಉಂಟಲ್ಲ?"

ಮಕ್ಕಳೆಲ್ಲ ಬ್ಯೂರೆಟ್ಟು ಬಿಟ್ಟು ಲೋಲಾಕ್ಷಿಯ ಕಡೆ ನೋಡಿದರು. ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡು ಮುಂದೆ ಬಂದಳು.

"ನಾನೇ ಮೇಡಂ," ಎಂದಳು. "ಜಾಸ್ತಿ ಉಂಟು. ತೆಳು ಇಲ್ಲ."